ಇಪ್ಪತ್ತು ಶಿಲಿಂಗಿನ ಪ್ರಶ್ನೆ

ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್ ಸಮುದ್ರದಿಂದ ದೂರದ ಒಳನಾಡು. ಅಲ್ಲಿ ಜಾನ್ ಹ್ಯಾಂಪ್ಡನ್ ಎಂಬ ದೊಡ್ಡ ಜಮೀನುದಾರನಿದ್ದ. 1635ರಲ್ಲಿ ರಾಜ ಒಂದನೆಯ ಚಾರ್ಲ್ಸ್ 'ಹಡಗು ಹಣ' ಎಂಬ ತೆರಿಗೆಯನ್ನು ಒಳನಾಡಿಗೂ ಹಾಕಿದಾಗ ಹ್ಯಾಂಪ್ಡನ್‌ನ ಒಂದು ಜಮೀನಿನ ಪಾಲಿಗೆ 20 ಶಿಲಿಂಗ್ ಬಂತು. ಅಂದರೆ ಒಂದು ಪೌಂಡು. ಅವನ ಆಸ್ತಿಗೆ ಹೋಲಿಸಿದರೆ ಅದು ಲೆಕ್ಕಕ್ಕೇ ಬಾರದ ಮೊತ್ತ. ಆದರೂ ಅವನು ಕಟ್ಟಲಿಲ್ಲ. ಪ್ರಕರಣ 12 ನ್ಯಾಯಾಧೀಶರ ಮುಂದೆ ಹೋಯಿತು. 1638ರಲ್ಲಿ ತೀರ್ಪು ಬಂದಾಗ ರಾಜನ ಪರ 7 ಮಂದಿ, ಹ್ಯಾಂಪ್ಡನ್ ಪರ 5 ಮಂದಿ. ಕಾನೂನಿನ ಲೆಕ್ಕದಲ್ಲಿ ಹ್ಯಾಂಪ್ಡನ್ ಸೋತ. ಆದರೆ ಅದಾಗಿ ನಾಲ್ಕು ವರ್ಷಕ್ಕೆ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿತು. 1649ರ ಜನವರಿ 30ರಂದು ಅದೇ ರಾಜನ ತಲೆ ಅವನದೇ ಅರಮನೆಯ ಮುಂದೆ ಉರುಳಿತು.

ಒಂದು ಪೌಂಡಿನ ಸಲುವಾಗಿ ಒಂದು ದೇಶ ಹೊತ್ತಿ ಉರಿಯಿತು ಎಂದರೆ ಅತಿಶಯೋಕ್ತಿಯಾದೀತು. ಧರ್ಮದ ಜಗಳವಿತ್ತು, ಸ್ಕಾಟ್ಲೆಂಡ್-ಐರ್ಲೆಂಡುಗಳ ತೊಡಕಿತ್ತು, ರಾಜನ ಹಟವಿತ್ತು, ಪಾರ್ಲಿಮೆಂಟಿನವರ ಸಂಶಯಗಳೂ ಇದ್ದವು. ಆದರೆ ಇವೆಲ್ಲವುಗಳ ತಳದಲ್ಲಿ ಒಂದು ಪ್ರಶ್ನೆ ಅಡಿಪಾಯದ ಕಲ್ಲಿನಂತೆ ಕೂತಿತ್ತು. ದುಡಿಯುವವರ ಹಣವನ್ನು ಅವರನ್ನು ಕೇಳದೆ ತೆಗೆದುಕೊಳ್ಳುವ ಅಧಿಕಾರ ಯಾರಿಗಾದರೂ ಇದೆಯೇ? ಆ ಹಣ ಒಳ್ಳೆಯ ಕೆಲಸಕ್ಕೇ ಹೋದರೂ ಇದೆಯೇ?

ನಾನೂರು ವರ್ಷದ ಹಿಂದಿನ ಪರದೇಶದ ಜಗಳ ಈ ಪತ್ರಿಕೆಗೆ ಏಕೆ ಎಂದು ಶರಣ ಬಂಧುಗಳು ಕೇಳಬಹುದು. ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತು ಎಂದು ನಮ್ಮ ವೇದಿಕೆಗಳಲ್ಲಿ ಹೇಳಿದಾಗಲೆಲ್ಲ ನಾವು ಚಪ್ಪಾಳೆ ತಟ್ಟುತ್ತೇವೆ. ಆ ಹೋಲಿಕೆ ಎಷ್ಟು ಸರಿ ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ಆದರೆ ಸಂಸತ್ತು ಎಂಬ ಮಾತನ್ನು ಇಷ್ಟು ಅಭಿಮಾನದಿಂದ ಬಳಸುವ ನಾವು, ಆ ಸಂಸ್ಥೆ ತನ್ನ ಅಧಿಕಾರವನ್ನು ಹೇಗೆ ಗಳಿಸಿತು, ಗಳಿಸಿದ ಮೇಲೆ ಎಲ್ಲಿ ಎಡವಿತು ಎಂಬುದನ್ನು ತಿಳಿದಿರಬೇಕು. ನಮ್ಮ ಸಂವಿಧಾನದ ಕೆಲವು ವಿಧಿಗಳಂತೂ ನೇರವಾಗಿ ಆ ಜಗಳದ ಫಲ.

ಬೇಡುವ ರಾಜ, ಕೊಡುವ ಸಭೆ

ಆಗಿನ ಪಾರ್ಲಿಮೆಂಟನ್ನು ಇಂದಿನ ಲೋಕಸಭೆಯಂತೆ ಕಲ್ಪಿಸಿಕೊಳ್ಳಬಾರದು. ಅದನ್ನು ಕರೆಯುವವನು ರಾಜ, ವಿಸರ್ಜಿಸುವವನೂ ರಾಜ. ಕರೆಯದಿದ್ದರೆ ಕೇಳುವವರಿಲ್ಲ. ಮಂತ್ರಿಗಳನ್ನು ನೇಮಿಸುವವನು, ಯುದ್ಧ ಸಾರುವವನು, ಚರ್ಚಿಗೆ ಬಿಷಪ್‌ಗಳನ್ನು ಆರಿಸುವವನು ಎಲ್ಲವೂ ರಾಜನೇ. ಕಾಮನ್ಸ್ ಸಭೆಗೆ ಮತ ಹಾಕುತ್ತಿದ್ದವರು ಆಸ್ತಿಯಿದ್ದ ಗಂಡಸರು ಮಾತ್ರ. ಹೆಂಗಸರಿಗೆ, ಕೂಲಿಯವರಿಗೆ, ಜಮೀನಿಲ್ಲದವರಿಗೆ ಅಲ್ಲಿ ದನಿಯಿರಲಿಲ್ಲ.

ಆ ಸಭೆಯ ಕೈಯಲ್ಲಿ ಇದ್ದದ್ದು ಒಂದೇ ಒಂದು ಬಲ. ಹೊಸ ತೆರಿಗೆ ಬೇಕಾದರೆ ರಾಜ ಅವರನ್ನು ಕೇಳಬೇಕಿತ್ತು. ಶಾಂತಿಯ ಕಾಲದಲ್ಲಿ ರಾಜ ತನ್ನ ಸ್ವಂತ ಭೂಮಿಯ ಹುಟ್ಟುವಳಿ ಮತ್ತು ಬಂದರುಗಳ ಸುಂಕದಲ್ಲಿ ಹೇಗೋ ಸಂಸಾರ ತೂಗಿಸಬಹುದಿತ್ತು. ಯುದ್ಧ ಬಂದರೆ ಸಾಲದು. ಆಗ ಪಾರ್ಲಿಮೆಂಟನ್ನು ಕರೆಯಬೇಕು. ಕರೆದರೆ ಅವರು ಸುಮ್ಮನೆ ಹಣ ಕೊಟ್ಟು ಹೋಗುವುದಿಲ್ಲ, ಮೊದಲು ತಮ್ಮ ಅಹವಾಲು ಹೇಳುತ್ತಾರೆ. ರಾಜನಿಗೆ ಹಣ ತುರ್ತು, ಜನಕ್ಕೆ ಅಹವಾಲು ತುರ್ತು. ಇಡೀ ಕಥೆ ನಡೆಯುವುದು ಈ ಎರಡು ತುರ್ತುಗಳ ನಡುವೆ.

1625ರಲ್ಲಿ ಚಾರ್ಲ್ಸ್ ಪಟ್ಟಕ್ಕೆ ಬಂದಾಗ ಅವನಿಗೆ 24 ವರ್ಷ. ರಾಜನ ಅಧಿಕಾರ ದೈವದತ್ತವಾದದ್ದು, ಅವನು ದೇವರಿಗೆ ಮಾತ್ರ ಉತ್ತರ ಹೇಳಬೇಕಾದವನು ಎಂದು ತಂದೆ ಜೇಮ್ಸ್ ಪುಸ್ತಕವನ್ನೇ ಬರೆದಿದ್ದ. ತಂದೆ ವಾದ ಮಾಡುತ್ತಿದ್ದ, ಸಮಯ ಬಂದರೆ ಬಗ್ಗುತ್ತಲೂ ಇದ್ದ. ಮಗ ಅದನ್ನು ಅಕ್ಷರಶಃ ನಂಬಿದ. ಹಳೆಯ ರೂಢಿಯಂತೆ ಹೊಸ ರಾಜನಿಗೆ ಬಂದರು ಸುಂಕವನ್ನು ಜೀವಮಾನಕ್ಕೆ ಮಂಜೂರು ಮಾಡುವುದಿತ್ತು. ಆದರೆ ಕಾಮನ್ಸ್ ಸಭೆ ಈ ಸಲ ಒಂದೇ ವರ್ಷಕ್ಕೆ ಎಂದಿತು. ಲಾರ್ಡ್ಸ್ ಸಭೆಯಲ್ಲಿ ಅದೂ ಪೂರ್ತಿಯಾಗಲಿಲ್ಲ. ಚಾರ್ಲ್ಸ್ ಮಂಜೂರಾತಿಗೆ ಕಾಯದೆ ಸುಂಕ ವಸೂಲಿ ಮುಂದುವರಿಸಿದ.

ನ್ಯಾಯವಾಗಿ ಹೇಳಬೇಕೆಂದರೆ ರಾಜನ ಕಡೆಯೂ ಒಂದು ಮಾತಿದೆ. ಸ್ಪೇನಿನ ಮೇಲೆ ಹೋಗಬೇಕೆಂದು 1624ರಲ್ಲಿ ಒತ್ತಾಯಿಸಿದ್ದು ಪಾರ್ಲಿಮೆಂಟೇ. ಯುದ್ಧ ಶುರುವಾದ ಮೇಲೆ ಅದಕ್ಕೆ ಸಾಲುವಷ್ಟು ಹಣ ಕೊಡಲು ಹಿಂದೆಗೆದದ್ದೂ ಪಾರ್ಲಿಮೆಂಟೇ. ಆಡಳಿತ ಮಂಜೂರಾತಿ ಕೊಟ್ಟು ಅನುದಾನ ಬಿಡುಗಡೆ ಮಾಡದಿದ್ದರೆ ಕಾಮಗಾರಿ ಏನಾಗುತ್ತದೆ ಎಂಬುದು ಇಲಾಖೆಗಳಲ್ಲಿ ದುಡಿದ ನಮ್ಮಂಥವರಿಗೆ ಗೊತ್ತು. ಆದರೆ ಸಭೆಯ ಸಂಶಯಕ್ಕೂ ಕಾರಣವಿತ್ತು. ರಾಜನ ಮೆಚ್ಚಿನ ಬಕಿಂಗ್‌ಹ್ಯಾಮ್ ಡ್ಯೂಕನ ಉಸ್ತುವಾರಿಯಲ್ಲಿ 1625ರಲ್ಲಿ ಕಾಡಿಜ್ ಬಂದರಿನ ಮೇಲೆ ಹೋದ ದಂಡು ಅವಮಾನದಿಂದ ಮರಳಿತ್ತು. ಖರ್ಚಿಗೆ ಲೆಕ್ಕ ಕೊಡಿ, ಹೊಣೆಗಾರನನ್ನು ವಿಚಾರಿಸಲು ಬಿಡಿ ಎಂದು ಸಭೆ ಕೇಳಿತು. 1626ರಲ್ಲಿ ಅವನ ಮೇಲೆ ದೋಷಾರೋಪಣೆ ತಂದಿತು. ಮಿತ್ರನನ್ನು ಉಳಿಸಿಕೊಳ್ಳಲು ಚಾರ್ಲ್ಸ್ ಪಾರ್ಲಿಮೆಂಟನ್ನೇ ವಿಸರ್ಜಿಸಿದ.

ಸಾಲ ಎಂಬ ಹೆಸರು, ಸೆರೆಮನೆ ಎಂಬ ರಸೀದಿ

ಪಾರ್ಲಿಮೆಂಟು ಹೋಯಿತು, ಹಣದ ಅಗತ್ಯ ಹೋಗಲಿಲ್ಲ. ಚಾರ್ಲ್ಸ್ ಅನುಕೂಲವಂತರ ಮೇಲೆ ಬಲವಂತದ ಸಾಲ ಹೇರಿದ. ಹೆಸರು ಸಾಲವೆಂದಿದ್ದರೂ ಹಿಂದಿರುಗಿ ಬರುವ ಭರವಸೆಯಿಲ್ಲದ ಅದು ತೆರಿಗೆಯೇ. ಕೊಡಲು ಒಪ್ಪದ 70ಕ್ಕೂ ಹೆಚ್ಚು ಗಣ್ಯರು ಬಂಧನಕ್ಕೊಳಗಾದರು. ಈ ಸಾಲ ಕಾನೂನುಬದ್ಧ ಎಂದು ಒಪ್ಪಲು ನಿರಾಕರಿಸಿದ ಮುಖ್ಯ ನ್ಯಾಯಮೂರ್ತಿ ರ್‍ಯಾಂಡಾಲ್ಫ್ ಕ್ರೂನನ್ನು ರಾಜ ಹುದ್ದೆಯಿಂದಲೇ ತೆಗೆದ. 1627ರಲ್ಲಿ ಐದು ಮಂದಿ ನೈಟ್‌ಗಳು, ಯಾವ ಅಪರಾಧಕ್ಕೆ ನಮ್ಮನ್ನು ಹಿಡಿದಿದ್ದೀರಿ ಎಂದಾದರೂ ಹೇಳಿ ಎಂದು ನ್ಯಾಯಾಲಯಕ್ಕೆ ಹೋದರು. ರಾಜನ ವಿಶೇಷ ಆಜ್ಞೆಯ ಮೇರೆಗೆ ಎಂಬುದೊಂದೇ ಉತ್ತರ. ನ್ಯಾಯಾಲಯ ಅವರಿಗೆ ಜಾಮೀನು ಕೊಡಲಿಲ್ಲ.

1628ರಲ್ಲಿ ಮತ್ತೆ ಹಣ ಬೇಕಾಗಿ ಪಾರ್ಲಿಮೆಂಟು ಕೂಡಿತು. ಈ ಸಲ ಅವರು ವಯೋವೃದ್ಧ ಕಾನೂನು ಪಂಡಿತ ಎಡ್ವರ್ಡ್ ಕೋಕ್‌ನ ಮುಂದಾಳುತನದಲ್ಲಿ 'ಹಕ್ಕುಗಳ ಮನವಿ' ಸಿದ್ಧಪಡಿಸಿದರು. ಅದರಲ್ಲಿದ್ದವು ನಾಲ್ಕು ಅಂಶ. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ತೆರಿಗೆಯಾಗಲಿ ಸಾಲವಾಗಲಿ ಕೂಡದು. ಕಾರಣ ಹೇಳದೆ ಯಾರನ್ನೂ ಸೆರೆಯಲ್ಲಿ ಇಡಕೂಡದು. ಜನರ ಮನೆಗಳಲ್ಲಿ ಸೈನಿಕರನ್ನು ಬಲವಂತವಾಗಿ ಇಳಿಸಕೂಡದು. ಶಾಂತಿಯ ಕಾಲದಲ್ಲಿ ಸೈನಿಕ ಕಾನೂನು ಹೇರಕೂಡದು. ಇವು ಹೊಸ ಹಕ್ಕುಗಳೆಂದು ಅವರು ಹೇಳಲಿಲ್ಲ, ನಮ್ಮ ಹಿರಿಯರ ಕಾಲದಿಂದ ಬಂದ ಹಳೆಯ ಹಕ್ಕುಗಳು ಎಂದರು. ಜೂನ್ 7ರಂದು ಚಾರ್ಲ್ಸ್ ಒಪ್ಪಿ ಅಂಕಿತ ಹಾಕಿದ. ಹಣ ಸಿಕ್ಕಿತು. ಆಮೇಲೆ ಬಂದರು ಸುಂಕ ಈ ಮನವಿಯೊಳಗೆ ಬರುವುದಿಲ್ಲ ಎಂದು ತನ್ನದೇ ಅರ್ಥ ಹೇಳಿ ವಸೂಲಿ ಮುಂದುವರಿಸಿದ. ನನ್ನ ಅಭಿಪ್ರಾಯದಲ್ಲಿ ರಾಜನ ಮೇಲಿನ ನಂಬಿಕೆ ಮುರಿದದ್ದು ಇಲ್ಲಿ. ಕೊಟ್ಟ ಮಾತಿಗೆ ಬೇರೆ ಅರ್ಥ ಹುಡುಕುವವನ ಜೊತೆ ಎರಡನೆಯ ಒಪ್ಪಂದ ಮಾಡಿಕೊಳ್ಳುವುದು ಕಷ್ಟ.

1629ರ ಮಾರ್ಚ್ 2ರಂದು ಸಭೆ ಮುಂದೂಡಬೇಕೆಂದು ರಾಜನ ಆಜ್ಞೆ ಬಂತು. ಸಭಾಧ್ಯಕ್ಷ ಜಾನ್ ಫಿಂಚ್ ಏಳಲು ಹೊರಟಾಗ ಇಬ್ಬರು ಸದಸ್ಯರು ಅವನನ್ನು ಕುರ್ಚಿಯಲ್ಲೇ ಅದುಮಿ ಹಿಡಿದರು. ಬಾಗಿಲಿಗೆ ಅಗುಳಿ ಬಿತ್ತು. ಒಪ್ಪಿಗೆಯಿಲ್ಲದ ಸುಂಕವನ್ನು ವಸೂಲು ಮಾಡುವವನೂ ದೇಶದ್ರೋಹಿ, ತಾನಾಗಿ ಕಟ್ಟುವವನೂ ದೇಶದ್ರೋಹಿ ಎಂದು ಅವರು ನಿರ್ಣಯ ಕೂಗಿದರು. ಇದರ ಮುಂದಾಳು ಸರ್ ಜಾನ್ ಎಲಿಯಟ್ ಲಂಡನ್ನಿನ ಟವರ್ ಸೆರೆಮನೆ ಸೇರಿದ. ಕ್ಷಮೆ ಕೇಳಿದ್ದರೆ ಹೊರಬರಬಹುದಿತ್ತು, ಕೇಳಲಿಲ್ಲ. 1632ರಲ್ಲಿ ಅಲ್ಲೇ ತೀರಿಕೊಂಡ. ತಂದೆಯ ದೇಹವನ್ನು ಊರಿಗೆ ಒಯ್ಯುತ್ತೇನೆಂದು ಮಗ ಬೇಡಿದಾಗ, ಸತ್ತ ಜಾಗದ ಚರ್ಚಿನಲ್ಲೇ ಹೂಳಲಿ ಎಂದು ರಾಜ ಅನುಮತಿ ನಿರಾಕರಿಸಿದ.

ಹನ್ನೊಂದು ವರ್ಷದ ಮೌನ

ಮುಂದಿನ 11 ವರ್ಷ ಪಾರ್ಲಿಮೆಂಟು ಕೂಡಲೇ ಇಲ್ಲ. ಚಾರ್ಲ್ಸ್ ಯುದ್ಧಗಳನ್ನು ನಿಲ್ಲಿಸಿದ, ಖರ್ಚು ತಗ್ಗಿಸಿದ, ಹಳೆಯ ಕಡತಗಳನ್ನು ಕೆದಕಿ ಆದಾಯ ಹುಡುಕಿಸಿದ. ವರ್ಷಕ್ಕೆ 40 ಪೌಂಡ್ ಉತ್ಪನ್ನದ ಭೂಮಿಯಿದ್ದವನು ಪಟ್ಟಾಭಿಷೇಕದ ಸಮಯದಲ್ಲಿ ಬಂದು ನೈಟ್ ಪದವಿ ಪಡೆಯಬೇಕಿತ್ತು, ಪಡೆಯಲಿಲ್ಲ, ಆದ್ದರಿಂದ ದಂಡ. ನಿಮ್ಮ ತಾತ-ಮುತ್ತಾತರ ಕಾಲದಿಂದ ಉಳುತ್ತಿರುವ ಭೂಮಿ ಹಿಂದೊಮ್ಮೆ ರಾಜನ ಅರಣ್ಯವಾಗಿತ್ತು, ಆದ್ದರಿಂದ ದಂಡ. ಸಾಬೂನಿನಂಥ ದಿನಬಳಕೆಯ ಸಾಮಾನಿಗೂ ಏಕಸ್ವಾಮ್ಯ ಕೊಟ್ಟು ಅದರಿಂದ ಹಣ. ಒಂದೊಂದಕ್ಕೂ ಯಾವುದೋ ಹಳೆಯ ಕಾನೂನಿನ ಆಧಾರವಿತ್ತು. ಕಾನೂನಿನ ಅಕ್ಷರ ಹಿಡಿದು ಕಾನೂನಿನ ಜೀವ ತೆಗೆಯುವುದು ಹೀಗೆ.

ಇವುಗಳಲ್ಲೆಲ್ಲ ದೊಡ್ಡದು ಹಡಗು ಹಣ. ಅಪಾಯದ ಸಮಯದಲ್ಲಿ ಕರಾವಳಿ ಊರುಗಳು ಹಡಗು, ಇಲ್ಲವೆ ಹಡಗಿನ ಹಣ, ಒದಗಿಸಬೇಕೆಂಬ ಹಳೆಯ ಪದ್ಧತಿಯಿತ್ತು. 1634ರಲ್ಲಿ ಅದನ್ನು ಕರಾವಳಿಗೆ ಹಾಕಿದರು, 1635ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿದರು, ಆಮೇಲೆ ವರ್ಷ ವರ್ಷವೂ ವಸೂಲು ಮಾಡಿದರು. ಒಮ್ಮೆಯ ತುರ್ತು ನಿತ್ಯದ ತೆರಿಗೆಯಾಯಿತು.

ಇಲ್ಲಿ ಓದುಗರು ಒಂದು ಅಂಶ ಗಮನಿಸಬೇಕು. ಈ ಹಣವನ್ನು ರಾಜ ಅರಮನೆಯ ವಿಲಾಸಕ್ಕೆ ಹಾರಿಸಲಿಲ್ಲ. ಅದು ಬಹುಮಟ್ಟಿಗೆ ನೌಕಾಪಡೆಗೇ ಹೋಯಿತು, ಹಡಗುಗಳು ನಿಜವಾಗಿಯೂ ಸಮುದ್ರಕ್ಕಿಳಿದವು. ಕಡಲ್ಗಳ್ಳರ ಕಾಟವೂ ಕಟ್ಟುಕಥೆಯಾಗಿರಲಿಲ್ಲ. ತೆರಿಗೆಯ ಹಂಚಿಕೆಯೂ ಹಿಂದಿನ ಹಲವು ತೆರಿಗೆಗಳಿಗಿಂತ ವ್ಯವಸ್ಥಿತವಾಗಿತ್ತು. ಒಬ್ಬ ಇಂಜಿನಿಯರನಾಗಿ ನೋಡಿದರೆ ಯೋಜನೆ ಅಗತ್ಯವಾದದ್ದು, ಕೆಲಸ ಆಗಿದೆ, ಹಣ ಪೋಲಾಗಿಲ್ಲ. ಹಾಗಾದರೆ ಹ್ಯಾಂಪ್ಡನ್‌ನ ತಕರಾರು ಏನು?

ತಕರಾರು ಇಷ್ಟೆ. ದೇಶಕ್ಕೆ ಅಪಾಯವಿದೆಯೇ ಇಲ್ಲವೇ ಎಂದು ತೀರ್ಮಾನಿಸುವವನು ರಾಜನೊಬ್ಬನೇ ಆದರೆ, ಅಪಾಯವಿದೆ ಎಂದು ಹೇಳಿದಾಗಲೆಲ್ಲ ಅವನು ತೆರಿಗೆ ಎತ್ತಬಹುದಾದರೆ, ಆಮೇಲೆ ಯಾರ ಸ್ವತ್ತು ಯಾರದು? ಇಂದು ಒಂದು ಪೌಂಡು, ನಾಳೆ ಎಷ್ಟು ಎಂದು ಹೇಳುವವರು ಯಾರು? ಪಾರ್ಲಿಮೆಂಟನ್ನು ಕರೆದು ಕೇಳಲು ಬೇಕಾದಷ್ಟು ಕಾಲಾವಕಾಶ ಇತ್ತಲ್ಲ, ಏಕೆ ಕೇಳಲಿಲ್ಲ? ಹ್ಯಾಂಪ್ಡನ್‌ನ ವಕೀಲರು ವಾದಿಸಿದ್ದರ ಸಾರ ಇದು. 12ರಲ್ಲಿ 5 ಮಂದಿ ನ್ಯಾಯಾಧೀಶರು ರಾಜನಿಂದಲೇ ನೇಮಕವಾಗಿದ್ದರೂ ಹ್ಯಾಂಪ್ಡನ್ ಕಡೆ ನಿಂತರು. ಸೋತ ಪ್ರಕರಣ ಗೆದ್ದ ಪ್ರಕರಣಕ್ಕಿಂತ ಹೆಚ್ಚು ಕೆಲಸ ಮಾಡಿತು. ಮೊದಲು ಒಳ್ಳೆಯ ಪ್ರಮಾಣದಲ್ಲಿ ಬರುತ್ತಿದ್ದ ಹಡಗು ಹಣದ ವಸೂಲಿ 1639ರ ಹೊತ್ತಿಗೆ ಕುಸಿದು ಬಿತ್ತು.

ಧರ್ಮದ ವಿಷಯದಲ್ಲೂ ಅದೇ ಕೇಳದ ಚಾಳಿ. 1633ರಲ್ಲಿ ಆರ್ಚ್‌ಬಿಷಪ್ ಆದ ವಿಲಿಯಂ ಲಾಡ್, ಜನರ ನಡುವೆ ಇರುತ್ತಿದ್ದ ಪ್ರಭುಭೋಜನದ ಮೇಜನ್ನು ಪೂರ್ವದ ಗೋಡೆಗೆ ಸೇರಿಸಿ ಅದಕ್ಕೆ ಕಟಕಟೆ ಹಾಕಿಸಿದ. ದೇವರಿಗೂ ಭಕ್ತನಿಗೂ ನಡುವೆ ಕಟಕಟೆ ಎದ್ದರೆ ಏನನ್ನಿಸುತ್ತದೆ ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಬಿಷಪ್‌ಗಳನ್ನು ಟೀಕಿಸಿ ಬರೆದ ತಪ್ಪಿಗೆ 1637ರಲ್ಲಿ ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ವೈದ್ಯ, ಮೂವರ ಕಿವಿಗಳನ್ನು ಲಂಡನ್ನಿನಲ್ಲಿ ಸಾರ್ವಜನಿಕವಾಗಿ ಕತ್ತರಿಸಲಾಯಿತು. ಅದೇ ವರ್ಷ ಸ್ಕಾಟ್ಲೆಂಡಿನ ಜನರ ಮೇಲೆ, ಅವರ ಯಾವ ಸಭೆಯನ್ನೂ ಕೇಳದೆ, ಹೊಸ ಪ್ರಾರ್ಥನಾ ಪುಸ್ತಕ ಹೇರಿದರು. ಜುಲೈ 23ರಂದು ಎಡಿನ್‌ಬರೋದ ಸೇಂಟ್ ಜೈಲ್ಸ್ ಚರ್ಚಿನಲ್ಲಿ ಅದನ್ನು ಓದಲು ತೆರೆದ ಕ್ಷಣವೇ ದೊಂಬಿ ಎದ್ದಿತು. ಮುಂದಿನ ವರ್ಷ ಸ್ಕಾಟ್ ಜನ ಪ್ರತಿಜ್ಞಾಪತ್ರಕ್ಕೆ ರುಜು ಹಾಕಿ ಒಂದಾದರು. ಅವರನ್ನು ಬಗ್ಗಿಸಲು ರಾಜನಿಗೆ ಸೈನ್ಯ ಬೇಕು, ಸೈನ್ಯಕ್ಕೆ ಹಣ ಬೇಕು, ಹಣಕ್ಕೆ ಮತ್ತೆ ಅದೇ ಪಾರ್ಲಿಮೆಂಟು ಬೇಕು. ಹನ್ನೊಂದು ವರ್ಷದ ಮೌನ ಹೀಗೆ ಮುರಿಯಿತು.

ಬಾಗಿಲು ದಾಟಿ ಬಂದ ರಾಜ

1640ರ ಏಪ್ರಿಲ್‌ನಲ್ಲಿ ಕರೆದ ಪಾರ್ಲಿಮೆಂಟು ಮೊದಲು ಅಹವಾಲು, ಆಮೇಲೆ ಹಣ ಎಂದಿತು. ಮೂರೇ ವಾರದಲ್ಲಿ ಚಾರ್ಲ್ಸ್ ಅದನ್ನು ಕಳಿಸಿಬಿಟ್ಟ. ಸ್ಕಾಟ್ ಸೈನ್ಯ ಗಡಿ ದಾಟಿ ನ್ಯೂಕ್ಯಾಸಲ್ ಹಿಡಿಯಿತು. ಒಪ್ಪಂದವಾಗುವವರೆಗೆ ದಿನಕ್ಕೆ 850 ಪೌಂಡ್ ಅವರ ಖರ್ಚಿಗೆ ಕೊಡಬೇಕೆಂದು ಷರತ್ತಾಯಿತು. ಈಗ ರಾಜನಿಗೆ ಬೇರೆ ದಾರಿಯಿರಲಿಲ್ಲ. ನವೆಂಬರ್ 3ರಂದು 'ದೀರ್ಘ ಪಾರ್ಲಿಮೆಂಟು' ಕೂಡಿತು.

ಮೊದಲ ಒಂಬತ್ತು-ಹತ್ತು ತಿಂಗಳಲ್ಲಿ ಈ ಸಭೆ ಮಾಡಿದ ಕೆಲಸ ಬೆರಗು ಹುಟ್ಟಿಸುವಂಥದ್ದು. ಮೂರು ವರ್ಷಕ್ಕೊಮ್ಮೆಯಾದರೂ ಪಾರ್ಲಿಮೆಂಟು ಕೂಡಲೇಬೇಕು ಎಂಬ ಕಾಯಿದೆ ಬಂತು. ತನ್ನ ಒಪ್ಪಿಗೆಯಿಲ್ಲದೆ ತನ್ನನ್ನು ವಿಸರ್ಜಿಸಬಾರದೆಂಬ ಕಾಯಿದೆ ಬಂತು. ಕಿವಿ ಕತ್ತರಿಸುವ ಶಿಕ್ಷೆ ಕೊಟ್ಟ ಸ್ಟಾರ್ ಚೇಂಬರ್ ನ್ಯಾಯಾಲಯ ರದ್ದಾಯಿತು. ಹಡಗು ಹಣ ಕಾನೂನುಬಾಹಿರವೆಂದು ಘೋಷಣೆಯಾಯಿತು. 20 ಶಿಲಿಂಗಿನ ಪ್ರಶ್ನೆಗೆ ನ್ಯಾಯಾಲಯ ಕೊಡದ ಉತ್ತರವನ್ನು ಸಭೆ ಕೊಟ್ಟಿತು. ಇವೆಲ್ಲಕ್ಕೂ ರಾಜನೇ ಅಂಕಿತ ಹಾಕಿದ, ಒಂದು ಹನಿ ರಕ್ತವೂ ಚೆಲ್ಲಬೇಕಾಗಲಿಲ್ಲ ಎಂದು ಬರೆಯುವ ಆಸೆಯಾಗುತ್ತದೆ. ಆದರೆ ಅದೇ ಅವಧಿಯಲ್ಲಿ ರಾಜನ ಮಂತ್ರಿ ಸ್ಟ್ರಾಫರ್ಡ್‌ನ ಮೇಲಿನ ಆರೋಪ ವಿಚಾರಣೆಯಲ್ಲಿ ನಿಲ್ಲುವಂತೆ ಕಾಣದಿದ್ದಾಗ, ಅವನನ್ನು ಕೊಲ್ಲಲು ಒಂದು ಕಾಯಿದೆಯನ್ನೇ ಮಾಡಿ 1641ರ ಮೇ 12ರಂದು ತಲೆ ತೆಗೆಸಿತು ಈ ಸಭೆ. ಮುಂದಿನ ಅಪಾಯದ ಸೂಚನೆ ಅಲ್ಲೇ ಇತ್ತು.

ಅಕ್ಟೋಬರಿನಲ್ಲಿ ಐರ್ಲೆಂಡಿನಲ್ಲಿ ದಂಗೆ ಎದ್ದಿತು. ಅದನ್ನು ಅಡಗಿಸುವ ಸೈನ್ಯ ಯಾರ ಕೈಯಲ್ಲಿರಬೇಕು? ರಾಜನ ಕೈಗೆ ಕೊಟ್ಟರೆ ನಾಳೆ ನಮ್ಮ ಮೇಲೇ ತಿರುಗಿಸುತ್ತಾನೆ ಎಂಬ ಭಯ. ಕೊಡದಿದ್ದರೆ ರಾಜನೆಂಬ ಮಾತಿಗೆ ಅರ್ಥವೇನು ಎಂಬುದು ಇನ್ನೊಂದು ಕಡೆಯ ಪ್ರಶ್ನೆ. ರಾಜನ ತಪ್ಪುಗಳನ್ನೆಲ್ಲ ಪಟ್ಟಿ ಮಾಡಿದ 'ಮಹಾ ಆಕ್ಷೇಪಣೆ' ನವೆಂಬರಿನಲ್ಲಿ 159ಕ್ಕೆ 148 ಮತಗಳಿಂದ, ಅಂದರೆ ಕೇವಲ 11ರ ಅಂತರದಲ್ಲಿ, ಅಂಗೀಕಾರವಾಯಿತು. ಸಭೆಯೇ ಎರಡು ಹೋಳಾಗಿತ್ತು. ಚಾರ್ಲ್ಸ್ ತಾಳ್ಮೆಯಿಂದಿದ್ದರೆ ಅರ್ಧ ಸಭೆ ತಾನಾಗಿ ಅವನ ಕಡೆ ಬರುತ್ತಿತ್ತೋ ಏನೋ.

ತಾಳ್ಮೆಯಿರಲಿಲ್ಲ. 1642ರ ಜನವರಿ 4ರಂದು ಪಿಮ್, ಹ್ಯಾಂಪ್ಡನ್ ಸೇರಿ ಐವರು ಸದಸ್ಯರನ್ನು ಹಿಡಿಯಲು ರಾಜ ಆಯುಧಪಾಣಿಗಳೊಂದಿಗೆ ಕಾಮನ್ಸ್ ಸಭೆಯೊಳಗೆ ನಡೆದುಬಂದ. ಸುಳಿವು ಸಿಕ್ಕಿ ಐವರೂ ದೋಣಿಯಲ್ಲಿ ತಪ್ಪಿಸಿಕೊಂಡಿದ್ದರು. ಅವರೆಲ್ಲಿ ಎಂದು ರಾಜ ಸಭಾಧ್ಯಕ್ಷ ಲೆಂಥಾಲ್‌ನನ್ನು ಕೇಳಿದ. ಲೆಂಥಾಲ್ ಮಂಡಿಯೂರಿ, ಈ ಸಭೆ ಅಪ್ಪಣೆ ಕೊಡದೆ ತನಗೆ ಇಲ್ಲಿ ನೋಡಲು ಕಣ್ಣಿಲ್ಲ, ಹೇಳಲು ನಾಲಗೆಯಿಲ್ಲ ಎಂಬ ಅರ್ಥದ ಉತ್ತರ ಕೊಟ್ಟ. ಹದಿಮೂರು ವರ್ಷದ ಹಿಂದೆ ಸಭಾಧ್ಯಕ್ಷ ರಾಜನ ಆಜ್ಞೆಗೆ ಏಳಲು ಹೊರಟಿದ್ದ. ಈಗಿನವನು ಸಭೆಯ ಸೇವಕ ತಾನೆಂದು ರಾಜನ ಮುಖಕ್ಕೇ ಹೇಳಿದ. ಅಂದಿನಿಂದ ಇಂದಿನವರೆಗೆ ಇಂಗ್ಲೆಂಡಿನ ಯಾವ ರಾಜನೂ ರಾಣಿಯೂ ಕಾಮನ್ಸ್ ಸಭೆಯ ಹೊಸ್ತಿಲು ದಾಟಿಲ್ಲ. ಅಧಿವೇಶನದ ಆರಂಭದಲ್ಲಿ ರಾಜನ ದೂತ ಬಂದಾಗ ಅವನ ಮುಖದ ಮುಂದೆ ಬಾಗಿಲು ಹಾಕಿ, ಅವನು ಮೂರು ಸಲ ತಟ್ಟಿದ ಮೇಲೆ ತೆರೆಯುವ ಪದ್ಧತಿ ಇಂದಿಗೂ ಇದೆ.

ವಾರದೊಳಗೆ ರಾಜ ಲಂಡನ್ ಬಿಟ್ಟ. ಆಗಸ್ಟ್ 22ರಂದು ನಾಟಿಂಗ್‌ಹ್ಯಾಮ್‌ನಲ್ಲಿ ಯುದ್ಧಧ್ವಜ ಏರಿಸಿದ.

ಗೆದ್ದವರ ಪರೀಕ್ಷೆ

ಸಾಮಾನ್ಯವಾಗಿ ಶಾಲಾಪುಸ್ತಕಗಳು ಇಲ್ಲಿಂದ ನೇರವಾಗಿ ರಾಜನ ವಧೆಗೆ ಹೋಗುತ್ತವೆ. ಆದರೆ ಸುಧಾರಣೆಯ ಮಾತಾಡುವ ನಮಗೆ ಮುಖ್ಯವಾದದ್ದು ಗೆದ್ದವರು ಏನು ಮಾಡಿದರು ಎಂಬುದು.

ಯುದ್ಧಕ್ಕೆ ಪಾರ್ಲಿಮೆಂಟಿಗೂ ಹಣ ಬೇಕಾಯಿತು. ಅದು ಹಾಕಿದ ತೆರಿಗೆ ಹಡಗು ಹಣಕ್ಕಿಂತ ಎಷ್ಟೋ ಪಾಲು ಭಾರವಾಗಿತ್ತು. 1643ರಲ್ಲಿ ಸರಕುಗಳ ಮೇಲೆ ಅಬಕಾರಿ ಸುಂಕ ಬಂತು, ಬಡವ ಕುಡಿಯುವ ಬಿಯರಿಗೂ ಅದು ತಟ್ಟಿತು. ಅದೇ ವರ್ಷ ಹ್ಯಾಂಪ್ಡನ್ ಯುದ್ಧದಲ್ಲಿ ಗಾಯಗೊಂಡು ಸತ್ತ. 1645ರಲ್ಲಿ ನೇಸ್‌ಬಿಯಲ್ಲಿ ರಾಜನ ಸೈನ್ಯ ನುಚ್ಚುನೂರಾಯಿತು. ಆಗ ಗೆದ್ದ ಸೈನಿಕರೇ ತಮ್ಮ ಪಾರ್ಲಿಮೆಂಟನ್ನು ಕೇಳತೊಡಗಿದರು: ನಮ್ಮ ಸಂಬಳವೆಲ್ಲಿ? ನಾವು ಯಾರಿಗಾಗಿ ಹೋರಾಡಿದೆವು?

1647ರ ಅಕ್ಟೋಬರ್ ಕೊನೆಯಲ್ಲಿ ಲಂಡನ್ನಿನ ಬಳಿಯ ಪಟ್ನಿ ಎಂಬ ಊರಿನ ಚರ್ಚಿನಲ್ಲಿ ಸೇನಾಧಿಕಾರಿಗಳೂ ಸಾಮಾನ್ಯ ಸೈನಿಕರ ಪ್ರತಿನಿಧಿಗಳೂ ಎದುರುಬದುರು ಕುಳಿತು ಚರ್ಚೆ ಮಾಡಿದರು. ಕರ್ನಲ್ ರೇನ್ಸ್‌ಬರೋ ಎತ್ತಿದ ಪ್ರಶ್ನೆ ಸರಳವಾದದ್ದು. ದೇಶದ ಅತ್ಯಂತ ಬಡವನಿಗೂ ಬದುಕಲು ಒಂದು ಜೀವನವಿದೆ, ಶ್ರೀಮಂತನಿಗೆ ಇರುವಂತೆಯೇ. ಹಾಗಿದ್ದ ಮೇಲೆ ಅವನ ಒಪ್ಪಿಗೆಯೂ ಇಲ್ಲದೆ ಅವನನ್ನು ಆಳುವುದು ಹೇಗೆ ನ್ಯಾಯ? ಕ್ರಾಮ್‌ವೆಲ್‌ನ ಅಳಿಯ ಐರ್ಟನ್ ಉತ್ತರಿಸಿದ: ಭೂಮಿ-ಸ್ವತ್ತು ಇದ್ದವರಿಗೆ ಮಾತ್ರ ಮತ, ಇಲ್ಲದವರಿಗೂ ಕೊಟ್ಟರೆ ಸ್ವತ್ತೇ ಉಳಿಯುವುದಿಲ್ಲ. ರಾಜನನ್ನು 'ನಮ್ಮನ್ನು ಕೇಳಿದಿರಾ?' ಎಂದು ಪ್ರಶ್ನಿಸಿದವರು, ಬಡವ ಅದೇ ಪ್ರಶ್ನೆ ಹಿಡಿದು ತಮ್ಮ ಬಾಗಿಲಿಗೆ ಬಂದಾಗ ಬಾಗಿಲು ಹಾಕಿಕೊಂಡರು. ಇಡೀ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಾಡುವ ಘಟ್ಟ ಇದೇ. ಪಟ್ನಿಯ ಪ್ರಶ್ನೆಗೆ ಇಂಗ್ಲೆಂಡು ಪೂರ್ತಿ ಉತ್ತರ ಕೊಟ್ಟದ್ದು ಗಂಡಸರು-ಹೆಂಗಸರು ಎಲ್ಲರಿಗೂ ಸಮಾನ ಮತ ಸಿಕ್ಕ 1928ರಲ್ಲಿ.

1648ರ ಡಿಸೆಂಬರ್ 6ರಂದು ಕರ್ನಲ್ ಪ್ರೈಡ್ ಎಂಬುವನು ಸೈನಿಕರೊಂದಿಗೆ ಸಭೆಯ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತು, ರಾಜನೊಂದಿಗೆ ಸಂಧಾನ ಬಯಸಿದ ಸದಸ್ಯರನ್ನು ತಡೆದ. ಉಳಿದ ಸಣ್ಣ ಗುಂಪು ರಾಜನ ವಿಚಾರಣೆಗೆ ನ್ಯಾಯಾಲಯ ರಚಿಸಿತು. ಚಾರ್ಲ್ಸ್ ಅಲ್ಲಿ ಆರೋಪಕ್ಕೆ ಉತ್ತರ ಕೊಡಲೇ ಇಲ್ಲ. ಯಾವ ಅಧಿಕಾರದಿಂದ ನನ್ನನ್ನು ಇಲ್ಲಿ ತಂದಿದ್ದೀರಿ ಎಂದು ಮತ್ತೆ ಮತ್ತೆ ಕೇಳಿದ. ಜೀವನವಿಡೀ ಆ ಪ್ರಶ್ನೆಯಿಂದ ತಪ್ಪಿಸಿಕೊಂಡವನು ಕೊನೆಯಲ್ಲಿ ಸರಿಯಾದ ಪ್ರಶ್ನೆಯನ್ನೇ ಕೇಳಿದ. ಎದುರಿಗಿದ್ದವರ ಬಳಿ ಒಳ್ಳೆಯ ಉತ್ತರವಿರಲಿಲ್ಲ. 59 ಮಂದಿ ಮರಣಪತ್ರಕ್ಕೆ ರುಜು ಹಾಕಿದರು.

ನಾಲ್ಕು ವರ್ಷದ ಬಳಿಕ, 1653ರ ಏಪ್ರಿಲ್ 20ರಂದು, ಕ್ರಾಮ್‌ವೆಲ್ ಬಂದೂಕುಧಾರಿಗಳನ್ನು ಕರೆಸಿ ಆ ಉಳಿದ ಸಭೆಯನ್ನೂ ಹೊರಗಟ್ಟಿದ. ಐವರನ್ನು ಹಿಡಿಯಲು ಬಂದ ರಾಜ ಬರಿಗೈಯಲ್ಲಿ ಮರಳಿದ್ದ. ಇಡೀ ಸಭೆಯನ್ನೇ ಓಡಿಸಲು ಬಂದ ಜನನಾಯಕ ಗೆದ್ದ. 1660ರಲ್ಲಿ ಚಾರ್ಲ್ಸ್‌ನ ಮಗ ಪಟ್ಟಕ್ಕೆ ಮರಳಿದಾಗ ಲಂಡನ್ ಜನ ದೀಪೋತ್ಸವ ಮಾಡಿ ಸ್ವಾಗತಿಸಿದರು. ಕೊನೆಗೆ 1689ರ ಹಕ್ಕುಗಳ ಮಸೂದೆಯಲ್ಲಿ, ಪಾರ್ಲಿಮೆಂಟಿನ ಮಂಜೂರಾತಿಯಿಲ್ಲದೆ ರಾಜನಿಗಾಗಿ ಹಣ ಎತ್ತುವುದು ಕಾನೂನುಬಾಹಿರ ಎಂದು ಬರೆದು ಮುಗಿಸಿದರು.

ನಮ್ಮ ಕೈಗೆ ಬಂದದ್ದು

ಈಗ ನಮ್ಮ ಸಂವಿಧಾನ ತೆರೆದು ನೋಡಿ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ ಎನ್ನುತ್ತದೆ 265ನೇ ವಿಧಿ. ಬಂಧಿತನಿಗೆ ಬಂಧನದ ಕಾರಣ ತಿಳಿಸಬೇಕೆನ್ನುತ್ತದೆ 22ನೇ ವಿಧಿ. ವಿಧಾನಮಂಡಲದ ಎರಡು ಅಧಿವೇಶನಗಳ ನಡುವೆ ಆರು ತಿಂಗಳು ದಾಟಬಾರದೆನ್ನುತ್ತದೆ 174ನೇ ವಿಧಿ. ಸದನದಲ್ಲಿ ಆಡಿದ ಮಾತಿಗೆ ಶಾಸಕನನ್ನು ನ್ಯಾಯಾಲಯಕ್ಕೆ ಎಳೆಯುವಂತಿಲ್ಲ ಎನ್ನುತ್ತದೆ 194ನೇ ವಿಧಿ. ಹ್ಯಾಂಪ್ಡನ್‌ನ 20 ಶಿಲಿಂಗು, ಐದು ನೈಟ್‌ಗಳ ಸೆರೆ, ಹನ್ನೊಂದು ವರ್ಷದ ಮೌನ, ಟವರಿನಲ್ಲಿ ಸತ್ತ ಎಲಿಯಟ್, ನಾಲ್ಕಕ್ಕೂ ನಾಲ್ಕು ವಿಧಿ. ಪಟ್ನಿಯಲ್ಲಿ ಸೋತ ಬಡವನ ಮತವನ್ನೂ ನಮ್ಮ ಸಂವಿಧಾನ 1950ರಲ್ಲೇ, ಒಂದೇ ಏಟಿಗೆ, ಎಲ್ಲ ವಯಸ್ಕರಿಗೂ ಕೊಟ್ಟಿತು.

ಮಾರ್ಚ್ 31ಕ್ಕೆ ಖರ್ಚಾಗದ ಅನುದಾನ ಲ್ಯಾಪ್ಸ್ ಆಗುತ್ತದೆ ಎಂದು ಸರಕಾರಿ ಇಲಾಖೆಗಳಲ್ಲಿ ಗೊಣಗಾಟ ಇದ್ದೇ ಇರುತ್ತದೆ. ವರ್ಷವೂ ಸದನದ ಮುಂದೆ ಹೋಗಿ ಕೈಯೊಡ್ಡುವುದು ಕೆಲಸಕ್ಕೆ ಅಡ್ಡಿ ಎಂಬ ಮಾತನ್ನು ನನ್ನ ಸೇವಾವಧಿಯುದ್ದಕ್ಕೂ ಕೇಳಿದ್ದೇನೆ. ಅಡ್ಡಿ ನಿಜ. ಆದರೆ ಅದು ಬೇಕೆಂದೇ ಹಾಕಿದ ಅಡ್ಡಿ. ಕಾಲುವೆಗೆ ತೂಬು ಇಟ್ಟಂತೆ. ತೂಬು ನೀರನ್ನು ತಡೆಯುತ್ತದೆ ಎಂದು ದೂರುವ ಇಂಜಿನಿಯರನಿಲ್ಲ. ತೂಬಿಲ್ಲದ ಕೆರೆಯ ನೀರು ಕೋಡಿಯ ಪಾಲು.

ಈಗ ಕಹಿ ಮಾತು. 2018ರಲ್ಲಿ ಮತ್ತು 2023ರಲ್ಲಿ ಲೋಕಸಭೆ ಇಲಾಖೆಗಳ ಅನುದಾನ ಬೇಡಿಕೆಗಳನ್ನು ಗದ್ದಲದ ನಡುವೆ ಚರ್ಚೆಯಿಲ್ಲದೆ ಒಪ್ಪಿಕೊಂಡಿತು. ಆಳುವವರು ವಿರೋಧಿಗಳನ್ನು ದೂರಿದರು, ವಿರೋಧಿಗಳು ಆಳುವವರನ್ನು ದೂರಿದರು. ನನಗೆ ಪಕ್ಷದ ಮಾತು ಬೇಡ. ಯಾವ ಪಕ್ಷವಾದರೂ ಸರಿ, ಕೇಳದೆ ಕೊಡುವ ಸಭೆ ಇದ್ದೂ ಇಲ್ಲದಂತೆ. ಚಾರ್ಲ್ಸ್ ಪಾರ್ಲಿಮೆಂಟನ್ನು ಕರೆಯದೆ 11 ವರ್ಷ ಆಳಿದ. ಅವನಿಗೆ ಇಂಥದೊಂದು ಸಭೆ ಸಿಕ್ಕಿದ್ದರೆ ವರ್ಷಕ್ಕೆ ಮೂರು ಸಲ ಕರೆಯುತ್ತಿದ್ದ.

ಸದನದವರನ್ನು ಮಾತ್ರ ದೂರಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ನಮ್ಮ ಸಹಕಾರ ಸಂಘ, ವಿದ್ಯಾಸಂಸ್ಥೆ, ಸಮಾಜದ ಸಂಘಟನೆಗಳ ವಾರ್ಷಿಕ ಮಹಾಸಭೆಯಲ್ಲಿ ಜಮಾ-ಖರ್ಚು ಓದುವಾಗ ಎಷ್ಟು ಮಂದಿ ಕಿವಿಗೊಡುತ್ತೇವೆ, ಎಷ್ಟು ಮಂದಿ ಪ್ರಸಾದದ ಪಂಕ್ತಿಯ ಕಡೆ ನೋಡುತ್ತೇವೆ? ಯಾರಾದರೂ ಎದ್ದು ಒಂದು ಬಾಬ್ತಿನ ಬಗ್ಗೆ ಕೇಳಿದರೆ, 'ಕೆಲಸ ಚೆನ್ನಾಗಿ ನಡೆದಿದೆಯಲ್ಲ, ಕೂತ್ಕೊಳ್ಳಿ ಯಜಮಾನ್ರೇ' ಎನ್ನುವವರು ನಾವೇ. ಕೆಲಸ ಚೆನ್ನಾಗಿಯೇ ನಡೆದಿರಬಹುದು. ಹಡಗುಗಳೂ ಚೆನ್ನಾಗಿಯೇ ತೇಲಿದವು. ಕೇಳುವವನು ಕಳ್ಳತನದ ಆರೋಪ ಹೊರಿಸುತ್ತಿಲ್ಲ, ತನ್ನದೂ ಒಂದು ಪಾಲಿದೆ ಎಂದು ನೆನಪಿಸುತ್ತಿದ್ದಾನೆ. ಅಲ್ಲಮಪ್ರಭುವನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿ, ಎದುರು ನಿಂತು ಪ್ರಶ್ನೆ ಕೇಳುವುದನ್ನೇ ಸಾಧನೆ ಮಾಡಿಕೊಂಡ ಪರಂಪರೆಯವರು ನಾವು. ಪ್ರಶ್ನೆಯನ್ನು ಅವಮಾನವೆಂದು ಬಗೆಯುವುದು ನಮಗೆ ಒಪ್ಪುವ ನಡತೆಯಲ್ಲ.

ಆದ್ದರಿಂದ ಶರಣ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮೂರ ಗ್ರಾಮಸಭೆಗೆ ಹೋಗಿ, ಈ ವರ್ಷ ಬಂದ ಅನುದಾನ ಎಷ್ಟು, ಯಾವ ಕಾಮಗಾರಿಗೆ ಎಷ್ಟು ಎಂದು ಕೇಳಿ. ನಿಮ್ಮ ಶಾಸಕರು ಬಜೆಟ್ ಚರ್ಚೆಯಲ್ಲಿ ಮಾತಾಡಿದರೇ ಎಂದು ವಿಚಾರಿಸಿ. ನಿಮ್ಮ ಸಂಸ್ಥೆಯ ಲೆಕ್ಕಪತ್ರದ ಪ್ರತಿಯನ್ನು ಮಹಾಸಭೆಗೆ ಮೊದಲೇ ತರಿಸಿ ಓದಿ. ನಾಳೆ ನೀವೇ ಆಡಳಿತ ಮಂಡಳಿಯಲ್ಲಿ ಕುಳಿತಾಗ, ನಿಮ್ಮೆದುರು ಒಬ್ಬ ಸಾಮಾನ್ಯ ಸದಸ್ಯ ಎದ್ದು ನಿಂತರೆ ಬಾಗಿಲು ಹಾಕಬೇಡಿ. ಮೊತ್ತ ಒಂದೇ ಪೌಂಡಿನದಾಗಿದ್ದರೂ ಸರಿ, ಅವನಿಗೆ ಪೂರ್ತಿ ಲೆಕ್ಕ ಕೊಡಿ.